ನಿಷೇಧವೋ, ಮುಕ್ತ ಮಾರಾಟವೋ: ತಮ್ಮನನ್ನು ಕಳೆದುಕೊಂಡ ಅಕ್ಕನ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ತಮ್ಮ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿತೆಂದು ಏಳು ತಿಂಗಳು ಜೈಲಿನಲ್ಲಿದ್ದ. ಬಿಡುಗಡೆಯಾಗಿ ಬಂದ ಹತ್ತನೇ ದಿನ ತೀರಿಕೊಂಡ. ಆಗ ಅವನ ಜೊತೆಗಿದ್ದ ಇಬ್ಬರು ಗೆಳೆಯರು ಹೆದರಿ ಓಡಿಹೋಗಿದ್ದರು. ಇದಾಗಿ ಹದಿನೆಂಟು ವರ್ಷ ಕಳೆಯಿತು. ಈಗ ಕಾನೂನು ಓದುತ್ತಿರುವ ನನ್ನ ಮಗ, ‘ಇವನ್ನೆಲ್ಲ ಕಾನೂನುಬದ್ಧಗೊಳಿಸಿದ್ದರೆ ಮಾವ ಬದುಕಿರುತ್ತಿದ್ದರು. ಅವರನ್ನು ಕೊಂದದ್ದು ನಿಷೇಧ’ ಎನ್ನುತ್ತಾನೆ. ತಮ್ಮನನ್ನು ನುಂಗಿದ ವಸ್ತುವನ್ನು ಅಂಗಡಿಯಲ್ಲಿಟ್ಟು ಮಾರುವುದನ್ನು ನೆನೆದರೇ ನನಗೆ ಮೈ ಉರಿಯುತ್ತದೆ. ನಮ್ಮಿಬ್ಬರಲ್ಲಿ ಯಾರು ಸರಿ?

ಉತ್ತರ: ನಿಮ್ಮ ಪತ್ರವನ್ನು ಓದುತ್ತಾ ‘ಹತ್ತನೇ ದಿನ’ ಎಂಬಲ್ಲಿ ನಿಂತುಬಿಟ್ಟೆ. ವ್ಯಸನಿಗಳಿಗೆ ಚಿಕಿತ್ಸೆ ಕೊಡುವ ಕೆಲಸದಲ್ಲಿರುವ ಯಾರೇ ಆದರೂ ಅಲ್ಲಿ ನಿಲ್ಲುತ್ತಾರೆ. ಆ ಹತ್ತು ದಿನಗಳ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ನಿಮ್ಮ ಮಗನ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲೇ. ಆದರೆ ಅಲ್ಲಿಗೆ ಹೋಗುವ ಮುನ್ನ ನಿಮ್ಮಿಬ್ಬರ ವಾದವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಏಕೆಂದರೆ ಇಬ್ಬರ ಮಾತಿನಲ್ಲೂ ಸತ್ಯವಿದೆ, ಮತ್ತು ಆ ಎರಡು ಸತ್ಯಗಳೂ ಜನರ ಪ್ರಾಣದ ಬೆಲೆ ತೆತ್ತು ಕಲಿತವು.

ನಾನು ಈ ವೃತ್ತಿಗೆ ಬಂದ ಹೊಸದರಲ್ಲಿ ನಿಮ್ಮ ಪಕ್ಷದಲ್ಲಿದ್ದೆ. ನಿಷೇಧ ಇನ್ನಷ್ಟು ಬಿಗಿಯಾಗಬೇಕು ಎಂದು ವಾದಿಸುತ್ತಿದ್ದೆ. ಹತ್ತು ವರ್ಷ ವಾರ್ಡಿನಲ್ಲಿ ಕಳೆದ ಮೇಲೆ ನಿಮ್ಮ ಮಗನ ಪಕ್ಷಕ್ಕೆ ಹೋದೆ. ಈಗ ಎರಡೂ ಕಡೆ ಪೂರ್ತಿಯಾಗಿ ಇಲ್ಲ. ಹಾಗೆಂದು ಮಧ್ಯದಲ್ಲಿ ಕೂತು ಇಬ್ಬರಿಗೂ ತಲೆಯಾಡಿಸುವ ಉತ್ತರವನ್ನು ನಾನು ಕೊಡುವುದಿಲ್ಲ. ನನಗೊಂದು ಖಚಿತ ನಿಲುವಿದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಮನೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಈ ಜಗಳ ಎಷ್ಟು ಹೊತ್ತಾದರೂ ಮುಗಿಯದಿರುವುದಕ್ಕೆ ಅರ್ಧ ಕಾರಣ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುವುದು. ನಿಷೇಧ ಎಂದರೆ ಬೆಳೆಯುವುದು, ಮಾರುವುದು, ಇಟ್ಟುಕೊಳ್ಳುವುದು, ಸೇವಿಸುವುದು ಎಲ್ಲವೂ ಅಪರಾಧ. ಅಪರಾಧಮುಕ್ತಗೊಳಿಸುವುದು ಎಂದರೆ ಮಾರಾಟ ಅಪರಾಧವಾಗಿಯೇ ಉಳಿಯುತ್ತದೆ, ಸೇವಿಸುವವನ ಮೇಲೆ ಮಾತ್ರ ಕ್ರಿಮಿನಲ್ ಮೊಕದ್ದಮೆ ಇರುವುದಿಲ್ಲ. ಕಾನೂನುಬದ್ಧಗೊಳಿಸುವುದು ಎಂದರೆ ಮಾರಾಟಕ್ಕೂ ಅನುಮತಿ. ಈ ಮೂರನೆಯದರಲ್ಲಿ ಮತ್ತೆ ಹಲವು ಬಗೆಗಳಿವೆ. ವೈದ್ಯರ ಚೀಟಿಯ ಮೇಲೆ ಆಸ್ಪತ್ರೆಯಲ್ಲಷ್ಟೇ ಕೊಡುವುದೂ ಕಾನೂನುಬದ್ಧವೇ, ಬಣ್ಣಬಣ್ಣದ ಜಾಹೀರಾತು ಹಾಕಿ ಕಂಪನಿಯೊಂದು ಬೀದಿಬೀದಿಯಲ್ಲಿ ಮಾರುವುದೂ ಕಾನೂನುಬದ್ಧವೇ. ಇವೆರಡರ ನಡುವಿನ ದೂರ, ನಿಷೇಧಕ್ಕೂ ಅಪರಾಧಮುಕ್ತಿಗೂ ಇರುವ ದೂರಕ್ಕಿಂತ ಬಹಳ ದೊಡ್ಡದು. ನಿಮ್ಮ ಮೈ ಉರಿಯುವುದು ಬೀದಿಬೀದಿಯ ಈ ಮಾರಾಟವನ್ನು ನೆನೆದು. ನಿಮ್ಮ ಮಗ ಯಾವುದನ್ನು ಕೇಳುತ್ತಿದ್ದಾನೆ ಎಂದು ಅವನನ್ನೇ ಒಮ್ಮೆ ವಿಚಾರಿಸಿ.

ಇನ್ನು ಅವನ ವಾದ. ಅದರ ಗಟ್ಟಿ ಭಾಗ ಇದು: ನಿಷೇಧವು ವಸ್ತುವನ್ನು ಇಲ್ಲವಾಗಿಸುವುದಿಲ್ಲ, ಅದರ ರೂಪವನ್ನು ಬದಲಾಯಿಸುತ್ತದೆ, ಮತ್ತು ಬಹುತೇಕ ಯಾವಾಗಲೂ ಕೆಟ್ಟದ್ದಕ್ಕೆ ಬದಲಾಯಿಸುತ್ತದೆ. ಕಳ್ಳಸಾಗಣೆ ಮಾಡುವವನ ಜಾಗದಲ್ಲಿ ನಿಂತು ಯೋಚಿಸಿ. ಅವನಿಗೆ ಬೇಕಾದದ್ದು ಅತಿ ಕಡಿಮೆ ಜಾಗದಲ್ಲಿ ಅತಿ ಹೆಚ್ಚು ಅಮಲು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯ ನಿಷೇಧವಿದ್ದಾಗ ಬಿಯರ್ ಹಿಂದೆ ಸರಿದು, ಬಚ್ಚಿಡಲು ಸುಲಭವಾದ ಕಟು ಮದ್ಯ ಮುಂದೆ ಬಂತು. ಕೈಗಾರಿಕೆಗೆ ಬಳಸುವ ಆಲ್ಕೋಹಾಲನ್ನು ಜನ ಕುಡಿಯಬಾರದೆಂದು ಸರಕಾರವೇ ಅದಕ್ಕೆ ವಿಷಕಾರಿ ಮೆಥನಾಲ್ ಬೆರೆಸುವಂತೆ ಮಾಡಿತ್ತು. ಅದನ್ನೇ ಕದ್ದು ಮಾರಿದರು, ಜನ ಕುಡಿದರು, ಕುರುಡಾದರು, ಸತ್ತರು. ಹಾಂಗ್‌ಕಾಂಗ್, ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಅಫೀಮು ಸೇದುವುದನ್ನು ಹತ್ತಿಕ್ಕಿದ ಬೆನ್ನಲ್ಲೇ ಹೆರಾಯಿನ್ ಕಾಲಿಟ್ಟಿತು. ಅಫೀಮಿನ ಹೊಗೆಗೆ ವಾಸನೆಯಿದೆ, ಗಾತ್ರವಿದೆ. ಸೂಜಿಗೆ ಎರಡೂ ಇಲ್ಲ.

ಆ ದಾರಿಯ ಈಗಿನ ತುದಿ ಫೆಂಟನಿಲ್ ಎಂಬ ಕೃತಕ ನೋವು ನಿವಾರಕ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಪ್ರಬಲ. ಅಫೀಮು ಕೊಡುವ ಗಸಗಸೆ ಗಿಡ ಬೇಕಿಲ್ಲ, ಹೊಲ ಬೇಕಿಲ್ಲ, ಮಳೆ ಬೇಕಿಲ್ಲ, ಪ್ರಯೋಗಾಲಯವೊಂದಿದ್ದರೆ ಸಾಕು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಇದನ್ನು ಮೈಕ್ರೋಗ್ರಾಮ್ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ಮೈಕ್ರೋಗ್ರಾಮ್. ಇಂಥದ್ದನ್ನು ಬೀದಿಯಲ್ಲಿ ಮಾರುವವನು ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿಯೊಂದಿಗೆ ಕೈಯಿಂದ ಕಲಸುತ್ತಾನೆ. ಚೀಲದ ಒಂದು ಮೂಲೆಯಿಂದ ತೆಗೆದ ಚಿಟಿಕೆಯಲ್ಲಿ ಏನೂ ಇರುವುದಿಲ್ಲ, ಇನ್ನೊಂದು ಮೂಲೆಯ ಚಿಟಿಕೆಯಲ್ಲಿ ಮೂವರ ಸಾವು ಇರುತ್ತದೆ. ಕೊಳ್ಳುವವನಿಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ. ಅಮೆರಿಕದಲ್ಲಿ 2021ರಿಂದ 2023ರವರೆಗೆ ಪ್ರತಿ ವರ್ಷವೂ ಒಂದು ಲಕ್ಷಕ್ಕಿಂತ ಹೆಚ್ಚು ಜನ ಮಿತಿಮೀರಿದ ಸೇವನೆಯಿಂದ ಸತ್ತರು. ಅವರಲ್ಲಿ ಹೆಚ್ಚಿನವರ ಸಾವಿಗೆ ಕಾರಣ ಫೆಂಟನಿಲ್ ಮತ್ತು ಅದರ ಬಳಗದ ಕೃತಕ ರಾಸಾಯನಿಕಗಳು.

ಪೂರೈಕೆಯನ್ನೇ ಕಡಿದುಹಾಕಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಆಡಳಿತ ಅಫ್ಗಾನಿಸ್ತಾನದಲ್ಲಿ ಗಸಗಸೆ ಬೆಳೆಯನ್ನು ನಿಷೇಧಿಸಿತು. ಮರುವರ್ಷ ಅಲ್ಲಿ ಬೆಳೆಯ ಪ್ರದೇಶ ಶೇ 95ರಷ್ಟು ಕುಸಿಯಿತು. ಅದೇ 2023ರಲ್ಲಿ ಮ್ಯಾನ್ಮಾರ್ ಜಗತ್ತಿನ ಅತಿ ದೊಡ್ಡ ಅಫೀಮು ಉತ್ಪಾದಕ ದೇಶವಾಯಿತು. ಬಲೂನನ್ನು ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುತ್ತದೆ ಎಂದು ಈ ಕ್ಷೇತ್ರದವರು ಹೇಳುವುದು ಇದನ್ನೇ. ಥಾಯ್ಲೆಂಡ್ 2003ರಲ್ಲಿ ಮಾದಕ ವಸ್ತುಗಳ ವಿರುದ್ಧ ‘ಯುದ್ಧ’ ಸಾರಿದಾಗ ಮೂರೇ ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ಮಾದಕ ವಸ್ತುಗಳು ಆ ದೇಶ ಬಿಟ್ಟು ಹೋಗಲಿಲ್ಲ.

ನಿಷೇಧದ ಇನ್ನೊಂದು ಹಾನಿ ಚರ್ಚೆಗಳಲ್ಲಿ ಕೇಳಿಬರುವುದೇ ಇಲ್ಲ. ಅದು ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಜಗತ್ತಿನ ಮಾದಕ ವಸ್ತು ನಿಯಂತ್ರಣದ ತಳಪಾಯವಾದ 1961ರ ಅಂತರರಾಷ್ಟ್ರೀಯ ಒಪ್ಪಂದದ ಪೀಠಿಕೆಯಲ್ಲೇ, ನೋವು ನಿವಾರಣೆಗೆ ಈ ಔಷಧಗಳು ಅನಿವಾರ್ಯ, ಅವು ದೊರೆಯುವಂತೆ ನೋಡಿಕೊಳ್ಳಬೇಕು ಎಂದು ಬರೆದಿದೆ. ಆದರೆ ಅಧಿಕಾರಿಗಳ ಕಣ್ಣಿಗೆ ಕಂಡದ್ದು ಒಪ್ಪಂದದ ಬೆತ್ತ ಮಾತ್ರ. 2017ರಲ್ಲಿ ತಜ್ಞರ ಆಯೋಗವೊಂದು ಲೆಕ್ಕ ಹಾಕಿದಾಗ, ಜಗತ್ತಿನಲ್ಲಿ ವರ್ಷಕ್ಕೆ ವಿತರಣೆಯಾಗುವ ಮಾರ್ಫಿನ್ ಬಗೆಯ ಸುಮಾರು 299 ಟನ್ ನೋವು ನಿವಾರಕದಲ್ಲಿ ಅತಿ ಬಡ ದೇಶಗಳಿಗೆ ಸಿಗುತ್ತಿದ್ದುದು 0.1 ಟನ್. ಎಲುಬಿಗೆ ಹರಡಿದ ಕ್ಯಾನ್ಸರಿನಿಂದ ಒಬ್ಬ ಮುದುಕಿ ಹಾಸಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿರುತ್ತಾಳೆ. ಅವಳ ನೋವನ್ನು ಅರ್ಧ ಗಂಟೆಯಲ್ಲಿ ಇಳಿಸಬಲ್ಲ ಮಾತ್ರೆ ಪರವಾನಗಿ, ರಿಜಿಸ್ಟರು, ಸಹಿ, ಭಯ ಇವುಗಳ ಆಚೆ ಎಲ್ಲೋ ಬೀಗದ ಕಪಾಟಿನಲ್ಲಿರುತ್ತದೆ. ಚಟದ ಭಯದಲ್ಲಿ ನಾವು ಸಾಯುತ್ತಿರುವವರಿಂದಲೂ ಔಷಧ ಕಿತ್ತುಕೊಂಡಿದ್ದೇವೆ.

ಇಷ್ಟೆಲ್ಲ ಓದಿ ನಿಮ್ಮ ಮಗ ಗೆದ್ದೆನೆಂದು ಎದ್ದು ಹೋಗದಿರಲಿ. ಈಗ ನಿಮ್ಮ ಸರದಿ.

ಸುಲಭವಾಗಿ, ಅಗ್ಗವಾಗಿ ಸಿಕ್ಕದ್ದನ್ನು ಹೆಚ್ಚು ಜನ ಬಳಸುತ್ತಾರೆ. ಇಷ್ಟು ಸರಳ ಸತ್ಯವನ್ನು ಮುಕ್ತ ಮಾರಾಟದ ಪರ ಇರುವವರು ಬೇಗ ದಾಟಿಹೋಗುತ್ತಾರೆ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಮಾದಕ ವಸ್ತು ಬಳಸಿದವರು 31.6 ಕೋಟಿ, ಅವರಲ್ಲಿ ಬಹುಪಾಲು ಗಾಂಜಾ ಬಳಸುವವರು. ಮದ್ಯ ಕುಡಿಯುವವರು ಇನ್ನೂರು ಕೋಟಿಗೂ ಹೆಚ್ಚು. ಕಾನೂನು ಕೈಹಿಡಿದ ವಸ್ತುಗಳ ಲೆಕ್ಕ ನೋಡಿ: ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ, ಮದ್ಯ 2019ರಲ್ಲಿ 26 ಲಕ್ಷ ಜನರನ್ನು ಕೊಂದಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಮದ್ಯ, ತಂಬಾಕು ಸಿಗುತ್ತವಲ್ಲ, ಇವೂ ಸಿಗಲಿ’ ಎನ್ನುವವರಿಗೆ ನಾನು ಈ ಅಂಕಿಗಳನ್ನೇ ಮುಂದಿಡುತ್ತೇನೆ. ಅದೇ ವಾದ ತಿರುಗಿ ಅವರಿಗೇ ತಗಲುತ್ತದೆ. ಅಮೆರಿಕದ ಮದ್ಯ ನಿಷೇಧವನ್ನೂ ಬರೀ ಸೋಲು ಎಂದು ಬರೆಯುವುದು ವಾಡಿಕೆಯಾಗಿದೆ. ಆದರೆ ಅದರ ಮೊದಲ ವರ್ಷಗಳಲ್ಲಿ ಕುಡಿತ ಗಣನೀಯವಾಗಿ ತಗ್ಗಿತ್ತು, ಯಕೃತ್ತು ಗಟ್ಟಿಯಾಗಿ ಸಾಯುವವರ ಸಂಖ್ಯೆಯೂ ಕೆಳಮಟ್ಟದಲ್ಲಿತ್ತು. ಗಂಡನ ಕುಡಿತದಿಂದ ಬೇಸತ್ತ ಹೆಂಗಸರು ಆ ನಿಷೇಧಕ್ಕಾಗಿ ದಶಕಗಟ್ಟಲೆ ಹೋರಾಡಿದ್ದು ಸುಮ್ಮನೆ ಅಲ್ಲ.

ಇನ್ನೂ ಗಟ್ಟಿಯಾದ ಸಾಕ್ಷ್ಯ ಬೇಕಿದ್ದರೆ ಅಮೆರಿಕದ ಇದೇ ಓಪಿಯಾಯ್ಡ್ (ಅಫೀಮು ಬಗೆಯ ವಸ್ತುಗಳ) ದುರಂತದ ಆರಂಭಕ್ಕೆ ಹೋಗಬೇಕು. ಅದು ಶುರುವಾದದ್ದು ಕತ್ತಲ ಗಲ್ಲಿಯಲ್ಲಿ ಅಲ್ಲ, ಔಷಧ ಅಂಗಡಿಯಲ್ಲಿ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಸರಕಾರದ ಅನುಮತಿಯಿತ್ತು, ಶುದ್ಧತೆಯ ಖಾತರಿಯಿತ್ತು, ವೈದ್ಯರ ಚೀಟಿಯಿತ್ತು. ನಿಮ್ಮ ಮಗ ಬಯಸುವ ರಕ್ಷಣೆಗಳಲ್ಲಿ ಬಹುತೇಕ ಎಲ್ಲವೂ ಇದ್ದವು. ಕಂಪನಿಯ ಪ್ರತಿನಿಧಿಗಳು ಊರೂರು ಸುತ್ತಿ, ಇದರಿಂದ ಚಟ ಹತ್ತುವುದು ಅಪರೂಪ ಎಂದು ವೈದ್ಯರನ್ನು ನಂಬಿಸಿದರು. ಲಕ್ಷಾಂತರ ಜನ ಬೆನ್ನುನೋವಿಗೆ, ಹಲ್ಲುನೋವಿಗೆ ಮಾತ್ರೆ ನುಂಗಿ ಚಟಕ್ಕೆ ಬಿದ್ದರು. 2007ರಲ್ಲಿ ಒಮ್ಮೆ, 2020ರಲ್ಲಿ ಇನ್ನೊಮ್ಮೆ ಆ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಮಾತ್ರೆ ಸಿಗುವುದು ಕಷ್ಟವಾದಾಗ ಚಟ ಹತ್ತಿದವರು ಹೆರಾಯಿನ್‌ಗೆ ಹೋದರು, ಅಲ್ಲಿಂದ ಫೆಂಟನಿಲ್‌ಗೆ. ಅಂದರೆ ಈ ಒಂದೇ ದುರಂತದ ಮೊದಲರ್ಧವನ್ನು ಬರೆದದ್ದು ಲಾಭಕೋರ ಕಾನೂನುಬದ್ಧ ವ್ಯಾಪಾರ, ಉಳಿದರ್ಧವನ್ನು ಬರೆದದ್ದು ಕಾಳಸಂತೆ.

ಅಮಲಿನ ವ್ಯಾಪಾರದ ಲೆಕ್ಕ ಬೇರೆ ವ್ಯಾಪಾರಗಳಂತಲ್ಲ. ಎಂದೋ ಒಮ್ಮೆ ಸೇದುವವನಿಂದ ಕಂಪನಿ ಬದುಕುವುದಿಲ್ಲ. ದಿನವೂ, ದಿನಕ್ಕೆ ಹಲವು ಸಲ ಸೇದುವವನೇ ಅದರ ದೊಡ್ಡ ಗಿರಾಕಿ. ಅಂದರೆ ನಾನು ವಾರ್ಡಿನಲ್ಲಿ ಯಾರನ್ನು ಬಿಡಿಸಲು ಒದ್ದಾಡುತ್ತೇನೋ ಅವರನ್ನು ಹೆಚ್ಚಿಸುವುದೇ ಅದರ ಉಳಿವಿನ ದಾರಿ. ಗಾಂಜಾದ ವಿಷಯದಲ್ಲಿ ಇದು ಕಣ್ಣೆದುರೇ ನಡೆಯುತ್ತಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಅಂಶ 1995ರಲ್ಲಿ ಶೇ 4ರಷ್ಟಿದ್ದದ್ದು 2014ಕ್ಕೆ ಶೇ 12ಕ್ಕೆ ಏರಿತ್ತು. ಅದು ಕಾಳಸಂತೆಯ ಕೆಲಸ. ಮಾರಾಟಕ್ಕೆ ಅನುಮತಿ ಸಿಕ್ಕ ರಾಜ್ಯಗಳಲ್ಲಿ ಈಗ ಶೇ 60, 70, 80ರಷ್ಟು ಟಿಎಚ್‌ಸಿ ಇರುವ ಸಾರವನ್ನು ಮಿಠಾಯಿಯಂತೆ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ಇದು ಕಂಪನಿಗಳ ಕೆಲಸ. ಪ್ರಬಲ ಗಾಂಜಾವನ್ನು ದಿನವೂ ಬಳಸುವವರಲ್ಲಿ ತೀವ್ರ ಮನೋವಿಕಾರ ಕಾಣಿಸಿಕೊಳ್ಳುವ ಸಾಧ್ಯತೆ ಬಳಸದವರಿಗಿಂತ ಸುಮಾರು ಐದು ಪಟ್ಟು ಎಂದು ಯುರೋಪಿನ ಹಲವು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹತ್ತೊಂಬತ್ತರ ಹುಡುಗ ಗೋಡೆಯೊಳಗಿನ ಧ್ವನಿಗಳಿಗೆ ಉತ್ತರ ಕೊಡುತ್ತಾ ಕೂತಿರುವಾಗ ಅವನ ತಂದೆಯ ಮುಖ ನೋಡಿದವರಿಗೆ ‘ಗಾಂಜಾದಿಂದ ಏನೂ ಆಗುವುದಿಲ್ಲ’ ಎನ್ನುವ ಮಾತು ಬಾಯಿಗೆ ಬರುವುದಿಲ್ಲ.

ಹೀಗಾಗಿ ನನ್ನ ನಿಲುವು ಇದು. ಚಟ ಹತ್ತಿದವನನ್ನು ಅಪರಾಧಿಯನ್ನಾಗಿಸಬಾರದು, ಚಟವನ್ನು ಯಾರ ಕೈಗೂ ವ್ಯಾಪಾರವಾಗಿ ಒಪ್ಪಿಸಲೂಬಾರದು. ಬಳಕೆದಾರನ ಮೇಲಿನ ಕ್ರಿಮಿನಲ್ ಕಾನೂನು ಹೋಗಬೇಕು, ಕಳ್ಳಸಾಗಣೆಯ ಮೇಲಿನದು ಉಳಿಯಬೇಕು, ಚಿಕಿತ್ಸೆ ಕೇಳಿದವನಿಗೆ ಅದೇ ವಾರ ಸಿಗಬೇಕು. ಮಾರಾಟಕ್ಕೆ ಎಲ್ಲಾದರೂ ಅನುಮತಿ ಕೊಡುವುದೇ ಆದರೆ ಲಾಭದ ಕೈಯಿಂದ ದೂರವಿಟ್ಟು ಕೊಡಬೇಕು, ವಸ್ತುವಿನಿಂದ ವಸ್ತುವಿಗೆ ಬೇರೆ ನಿಯಮ ಇರಬೇಕು. ಉರುಗ್ವೆ 2013ರಲ್ಲಿ ಗಾಂಜಾಕ್ಕೆ ಅನುಮತಿ ಕೊಟ್ಟಾಗ ಜಾಹೀರಾತಿಗೆ ಅವಕಾಶ ಕೊಡಲಿಲ್ಲ. ಕೊಳ್ಳುವವರು ಹೆಸರು ನೋಂದಾಯಿಸಬೇಕು, ತಿಂಗಳಿಗೆ 40 ಗ್ರಾಮ್ ಮಿತಿ, 2017ರಿಂದ ಔಷಧ ಅಂಗಡಿಗಳಲ್ಲಿ ಮಾತ್ರ ಮಾರಾಟ. ನೀರಸವಾದ ವ್ಯವಸ್ಥೆ. ಅಮಲಿನ ವಸ್ತುವಿನ ಮಾರಾಟ ನೀರಸವಾಗಿಯೇ ಇರಬೇಕು. ಇದರ ಎದುರು ನೆದರ್ಲೆಂಡ್ಸ್ 1976ರಿಂದ ಅರೆಮನಸ್ಸಿನಲ್ಲಿ ನಡೆದ ದಾರಿ ನನಗೆ ಒಪ್ಪಿಗೆಯಾಗಿಲ್ಲ. ಅಲ್ಲಿ ಅಂಗಡಿಯ ಮುಂಬಾಗಿಲಲ್ಲಿ ಐದು ಗ್ರಾಮ್ ಮಾರಿದರೆ ಪೊಲೀಸರು ಸುಮ್ಮನಿರುತ್ತಾರೆ, ಹಿಂಬಾಗಿಲಿನಿಂದ ಅದೇ ಅಂಗಡಿಗೆ ಸರಕು ಬರುವುದು ಮಾತ್ರ ಅಪರಾಧ. ಹಾಗಾಗಿ ದಶಕಗಳ ಕಾಲ ಪೂರೈಕೆ ಕಳ್ಳರ ಕೈಯಲ್ಲೇ ಉಳಿಯಿತು.

ಬಳಕೆದಾರನನ್ನು ಶಿಕ್ಷಿಸದಿದ್ದರೆ ಬೀದಿ ತುಂಬ ವ್ಯಸನಿಗಳಾಗುತ್ತಾರೆ ಎಂಬ ಭಯಕ್ಕೆ ಎರಡು ಜಾಗಗಳ ಅನುಭವವನ್ನು ಜೊತೆಗಿಟ್ಟು ನೋಡಬೇಕು. ಪೋರ್ಚುಗಲ್‌ನಲ್ಲಿ 1990ರ ದಶಕದಲ್ಲಿ ನೂರರಲ್ಲಿ ಒಬ್ಬರು ಹೆರಾಯಿನ್ ಹಿಡಿತದಲ್ಲಿದ್ದರು ಎಂದು ಅಂದಾಜು. 2001ರ ಜುಲೈ 1ರಿಂದ ಅಲ್ಲಿ ಹತ್ತು ದಿನದ ಬಳಕೆಗೆ ಆಗುವಷ್ಟು ವಸ್ತು ಇಟ್ಟುಕೊಳ್ಳುವುದು ಕ್ರಿಮಿನಲ್ ಅಪರಾಧವಲ್ಲ. ಮಾರಿದರೆ ಜೈಲು ತಪ್ಪದು. ಸಿಕ್ಕಿಬಿದ್ದವನು ಮೂವರು ಸದಸ್ಯರ ಸಮಿತಿಯ ಮುಂದೆ ಹೋಗುತ್ತಾನೆ. ಅವರಲ್ಲಿ ಕಾನೂನು ಬಲ್ಲವರು, ಆರೋಗ್ಯ ಅಥವಾ ಸಮಾಜ ಸೇವೆಯ ಹಿನ್ನೆಲೆಯವರು ಇರುತ್ತಾರೆ. ಕಟಕಟೆಯಿಲ್ಲ. ಒಂದು ಮೇಜಿನ ಸುತ್ತ ಕುರ್ಚಿಗಳಿರುತ್ತವೆ. ಚಟವಿದೆ ಎಂದು ಕಂಡರೆ ಚಿಕಿತ್ಸೆಯ ದಾರಿ ತೋರಿಸುತ್ತಾರೆ, ಆ ದಾರಿಯ ಕೊನೆಯಲ್ಲಿ ನಿಜವಾಗಿಯೂ ಒಂದು ಚಿಕಿತ್ಸಾಲಯ ಇರುತ್ತದೆ. ಸೂಜಿ ಹಂಚಿಕೊಳ್ಳುವುದರಿಂದ ಹೊಸದಾಗಿ ಎಚ್‌ಐವಿ ತಗಲುತ್ತಿದ್ದವರ ಸಂಖ್ಯೆ ವರ್ಷಕ್ಕೆ ಸಾವಿರಕ್ಕೂ ಮೇಲಿದ್ದದ್ದು ಒಂದೂವರೆ ದಶಕದಲ್ಲಿ ನೂರರೊಳಗೆ ಬಂತು.

ಅಮೆರಿಕದ ಒರೆಗಾನ್ ರಾಜ್ಯ 2020ರ ನವೆಂಬರ್‌ನಲ್ಲಿ ಜನಮತದ ಮೂಲಕ ಇದೇ ದಾರಿ ಹಿಡಿಯಿತು. 2021ರ ಫೆಬ್ರವರಿಯಿಂದ ಬಳಕೆದಾರನಿಗೆ 100 ಡಾಲರ್ ದಂಡದ ಚೀಟಿ, ಸಹಾಯವಾಣಿಗೆ ಒಂದು ಕರೆ ಮಾಡಿದರೆ ಆ ದಂಡವೂ ಮಾಫಿ. ಕರೆ ಮಾಡಿದವರು ಬೆರಳೆಣಿಕೆಯಷ್ಟು. ಚಿಕಿತ್ಸೆಗೆಂದು ಮೀಸಲಿಟ್ಟ ಹಣ ಚಿಕಿತ್ಸಾಲಯಗಳನ್ನು ತಲುಪುವುದು ತಿಂಗಳುಗಟ್ಟಲೆ ತಡವಾಯಿತು, ಅದೇ ಸಮಯಕ್ಕೆ ಫೆಂಟನಿಲ್ ಆ ರಾಜ್ಯವನ್ನು ಹೊಕ್ಕಿತು. ಜನ ರೋಸಿಹೋದರು. 2024ರ ಸೆಪ್ಟೆಂಬರ್ 1ರಿಂದ ವಸ್ತು ಇಟ್ಟುಕೊಳ್ಳುವುದು ಮತ್ತೆ ಅಪರಾಧವಾಯಿತು. ಇದನ್ನು ಹಿಡಿದು ‘ನೋಡಿ, ಸೋತಿತು’ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ: ಪೊಲೀಸರನ್ನು ಬಾಗಿಲಿನಿಂದ ಕಳಿಸಿದರು, ವೈದ್ಯರನ್ನು ಒಳಗೆ ಕರೆಯಲಿಲ್ಲ. ಬಾಗಿಲು ಸುಮ್ಮನೆ ತೆರೆದುಕೊಂಡಿತ್ತು. ಮೊದಲು ಹಾಸಿಗೆ, ನರ್ಸು, ಔಷಧ ಸಿದ್ಧವಾಗಬೇಕು. ಕಾನೂನು ಬದಲಾಗುವುದು ಅನಂತರ.

ಮನಸ್ಸಿಗೆ ಒಗ್ಗದಿದ್ದರೂ ಸ್ವಿಟ್ಜರ್ಲೆಂಡಿನ ಕಥೆಯನ್ನು ನೀವು ಪೂರ್ತಿ ಕೇಳಬೇಕು. ಜೂರಿಕ್ ನಗರದ ರೈಲು ನಿಲ್ದಾಣದ ಹಿಂದೆ ನದಿಯ ಪಕ್ಕ ಪ್ಲಾಟ್ಸ್‌ಪಿಟ್ಸ್ ಎಂಬ ಉದ್ಯಾನವಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಹಾಡುಹಗಲೇ ನೂರಾರು ಜನ ಸೂಜಿ ಚುಚ್ಚಿಕೊಳ್ಳುತ್ತಿದ್ದರು. ಹುಲ್ಲಿನ ಮೇಲೆ ಸೂಜಿ, ರಕ್ತದ ಹತ್ತಿ, ನಿಂಬೆಹೋಳು, ಸುಟ್ಟ ಚಮಚ. 1992ರಲ್ಲಿ ಪೊಲೀಸರು ಉದ್ಯಾನವನ್ನು ಮುಚ್ಚಿದರು, ಜನ ಹತ್ತಿರದ ಪಾಳುಬಿದ್ದ ರೈಲು ನಿಲ್ದಾಣಕ್ಕೆ ಹೋದರು. ಮುಚ್ಚುವುದರಿಂದ ಏನೂ ಆಗದು ಎಂದು ಅರಿತ ದೇಶ 1994ರಲ್ಲಿ ಹಿಂದೆ ಯಾರೂ ಆ ಪ್ರಮಾಣದಲ್ಲಿ ಮಾಡದ ಕೆಲಸ ಮಾಡಿತು. ಬೇರೆ ಚಿಕಿತ್ಸೆಗಳು ಫಲಿಸದ ಹಳೆಯ ವ್ಯಸನಿಗಳಿಗೆ ಚಿಕಿತ್ಸಾಲಯದಲ್ಲೇ, ನರ್ಸಿನ ಕಣ್ಣೆದುರು, ಅಳೆದು ತೂಗಿ, ಶುದ್ಧ ಹೆರಾಯಿನ್ ಕೊಡತೊಡಗಿತು.

ಅಲ್ಲಿ ಏನಾಗುತ್ತದೆ ಎಂದು ಹತ್ತಿರದಿಂದ ಹೇಳುತ್ತೇನೆ. ರೋಗಿ ಬರುತ್ತಾನೆ. ಕುಡಿದಿದ್ದಾನೆಯೇ ಎಂದು ಮೊದಲು ನೋಡುತ್ತಾರೆ, ಕುಡಿದಿದ್ದರೆ ಅಂದು ಇಲ್ಲ. ಅವನ ಪ್ರಮಾಣ ತುಂಬಿದ ಸಿರಿಂಜ್ ಕೊಡುತ್ತಾರೆ, ಅವನು ಅಲ್ಲೇ ಕೂತು ಚುಚ್ಚಿಕೊಳ್ಳುತ್ತಾನೆ, ಸ್ವಲ್ಪ ಹೊತ್ತು ಕಣ್ಗಾವಲಿನಲ್ಲಿದ್ದು ಹೊರಡುತ್ತಾನೆ. ಅಮಲಿಗೆ ಬೇಕಾದ ದುಡ್ಡಿಗಾಗಿ ದಿನವಿಡೀ ಕದಿಯುವ, ಬೇಡುವ, ಮೈ ಮಾರಿಕೊಳ್ಳುವ ಕೆಲಸ ತಪ್ಪುತ್ತದೆ. ಮೊದಲ ಬಾರಿಗೆ ಅವನ ಕೈಯಲ್ಲಿ ಖಾಲಿ ಮಧ್ಯಾಹ್ನವೊಂದು ಇರುತ್ತದೆ. ಆ ಖಾಲಿ ಮಧ್ಯಾಹ್ನದಲ್ಲೇ ನೌಕರಿ, ಬಾಡಿಗೆ ಕೋಣೆ, ಮಗಳಿಗೊಂದು ಫೋನ್ ಕರೆ ಇವೆಲ್ಲ ಒಂದೊಂದಾಗಿ ಮರಳುತ್ತವೆ. ಹೆರಾಯಿನ್ ಹೀಗೆ ಸಿಕ್ಕರೆ ಹೊಸಬರು ಮುಗಿಬೀಳುತ್ತಾರೆ ಎಂದು ಎಲ್ಲರೂ ಹೆದರಿದ್ದರು. ಆದದ್ದು ತದ್ವಿರುದ್ಧ. ಜೂರಿಕ್ ಪ್ರಾಂತ್ಯದಲ್ಲಿ 1990ರಲ್ಲಿ ಹೊಸದಾಗಿ ಹೆರಾಯಿನ್ ಹಿಡಿದವರು ಸುಮಾರು 850 ಮಂದಿ, 2002ರಲ್ಲಿ 150. ಹೆರಾಯಿನ್ ಎಂಬುದು ಮುದುಕರು ಸಾಲಿನಲ್ಲಿ ನಿಂತು ಪಡೆಯುವ ಮದ್ದಾದಾಗ ಹದಿಹರೆಯದವರಿಗೆ ಅದರ ಆಕರ್ಷಣೆ ಇಳಿಯಿತು ಎಂದು ಅಧ್ಯಯನ ಮಾಡಿದವರು ಅರ್ಥೈಸಿದರು. ನನಗೂ ಹಾಗೆಯೇ ಅನ್ನಿಸುತ್ತದೆ. 2008ರ ನವೆಂಬರ್‌ನಲ್ಲಿ ಸ್ವಿಸ್ ಮತದಾರರಲ್ಲಿ ಶೇ 68 ಮಂದಿ ಈ ಚಿಕಿತ್ಸೆಯನ್ನು ಖಾಯಂಗೊಳಿಸಲು ಒಪ್ಪಿದರು. ಅದೇ ದಿನ, ಅದೇ ಮತದಾರರು ಗಾಂಜಾವನ್ನು ಕಾನೂನುಬದ್ಧಗೊಳಿಸುವ ಪ್ರಸ್ತಾವವನ್ನು ಶೇ 63ರಷ್ಟು ಮತಗಳಿಂದ ತಿರಸ್ಕರಿಸಿದರು. ಹೆರಾಯಿನ್‌ಗೆ ಹೌದು, ಗಾಂಜಾಕ್ಕೆ ಇಲ್ಲ. ಮೇಲ್ನೋಟಕ್ಕೆ ವಿಚಿತ್ರ. ನನಗೆ ಇದು ಈ ವಿಷಯದಲ್ಲಿ ಜನಸಾಮಾನ್ಯರು ತೋರಿದ ಅತ್ಯಂತ ಪ್ರಬುದ್ಧ ತೀರ್ಮಾನಗಳಲ್ಲಿ ಒಂದು. ರೋಗಿಗೆ ಮದ್ದು ಕೊಡುವುದು ಬೇರೆ, ಅಂಗಡಿ ತೆರೆಯುವುದು ಬೇರೆ ಎಂದು ಅವರಿಗೆ ಗೊತ್ತಿತ್ತು.

ಹೆರಾಯಿನ್ ಕೊಡುವುದಕ್ಕೂ ಮುನ್ನ ಮೆಥಡೋನ್ ಮತ್ತು ಬ್ಯುಪ್ರಿನಾರ್ಫಿನ್ ಇವೆ. ಚಟದ ಹಸಿವನ್ನು ತಣಿಸುವ, ಅಮಲಿನ ಏರಿಳಿತವಿಲ್ಲದ ಔಷಧಗಳಿವು. ಇವುಗಳ ಮೇಲಿರುವಾಗ ರೋಗಿಯ ಸಾವಿನ ಸಾಧ್ಯತೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ‘ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತೀರಾ’ ಎಂದು ಮನೆಯವರು ಕೇಳುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ.

ಈಗ ನಿಮ್ಮ ತಮ್ಮನ ವಿಚಾರ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ನೀವು ಕೇಳಿದ್ದೀರಿ.

ಹೆರಾಯಿನ್ ದಿನವೂ ಸೇವಿಸುವವನ ಮೈ ಅದಕ್ಕೆ ಹೊಂದಿಕೊಳ್ಳುತ್ತದೆ. ಮಿದುಳಿನ ಬುಡದಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರ ವಿಷವನ್ನು ಸಹಿಸಲು ಕಲಿಯುತ್ತದೆ. ಏಳು ತಿಂಗಳು ಅದು ಸಿಗದಿದ್ದರೆ ಮೈ ಆ ಪಾಠವನ್ನು ಮರೆಯುತ್ತದೆ. ಮನಸ್ಸು ಮರೆಯುವುದಿಲ್ಲ. ಹಳೆಯ ಬಯಕೆ ಹಾಗೆಯೇ ಇರುತ್ತದೆ, ಹಳೆಯ ಪ್ರಮಾಣದ ನೆನಪೂ ಹಾಗೆಯೇ ಇರುತ್ತದೆ. ಹೊರಬಂದವನು ಮೊದಲಿನಷ್ಟೇ ಚುಚ್ಚಿಕೊಳ್ಳುತ್ತಾನೆ, ಆ ಪ್ರಮಾಣ ಈಗ ಅವನನ್ನು ಕೊಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಬಿಡುಗಡೆಯಾದವರನ್ನು ಹಿಂಬಾಲಿಸಿ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಅವರು ಮಿತಿಮೀರಿದ ಸೇವನೆಯಿಂದ ಸಾಯುವ ಸಾಧ್ಯತೆ ಇತರರಿಗಿಂತ 129 ಪಟ್ಟು ಇತ್ತು. ಎರಡು ವಾರ. ನಿಮ್ಮ ತಮ್ಮನದು ಹತ್ತನೇ ದಿನ. ಬಲವಂತದಿಂದ ಬಿಡಿಸಿ ಔಷಧವಿಲ್ಲದೆ ಮನೆಗೆ ಕಳಿಸುವ ವ್ಯಸನಮುಕ್ತಿ ಕೇಂದ್ರಗಳಿಂದ ಬಂದವರಲ್ಲೂ ಇದೇ ಅಪಾಯವಿದೆ. ಅವನು ನಿಮಗೆ ಕೊಟ್ಟ ಮಾತನ್ನು ಮುರಿದನೆಂದು ನೀವು ಇಷ್ಟು ವರ್ಷ ಒಳಗೊಳಗೇ ಅವನ ಮೇಲೆ ಮುನಿದಿದ್ದರೆ, ಅಥವಾ ಕಾವಲು ಕಾಯಲಿಲ್ಲವೆಂದು ನಿಮ್ಮ ಮೇಲೆಯೇ ಮುನಿದಿದ್ದರೆ, ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಹಾಗಾದರೆ ಅಂಗಡಿಯಲ್ಲಿ ಹೆರಾಯಿನ್ ಸಿಗುತ್ತಿದ್ದರೆ ಅವನು ಬದುಕುತ್ತಿದ್ದನೇ? ನಿಮ್ಮ ಮಗನಿಗೆ ಹೇಳಿ, ಇದಕ್ಕೆ ಹೌದು ಎನ್ನಲು ನನಗೆ ಯಾವ ಆಧಾರವೂ ಇಲ್ಲ. ಶುದ್ಧವಾದ ಹೆರಾಯಿನ್ ಕೂಡ ಮರೆತ ಮೈಯನ್ನು ಕೊಲ್ಲುತ್ತದೆ. ಅವನನ್ನು ಉಳಿಸಬಹುದಾಗಿದ್ದವು ಬೇರೆ ಮೂರು ಸಂಗತಿಗಳು, ಅವುಗಳಲ್ಲಿ ಒಂದಕ್ಕೂ ಅಂಗಡಿ ಬೇಕಿಲ್ಲ. ಒಂದು ಪೊಟ್ಟಣಕ್ಕೆ ಏಳು ತಿಂಗಳ ಜೈಲು ಬೇಡವಾಗಿತ್ತು. ಜೈಲಿಗೆ ಹೋದರೂ ಒಳಗೇ ಮೆಥಡೋನ್ ಶುರುಮಾಡಿ, ಬಿಡುಗಡೆಯ ದಿನವೇ ಹೊರಗಿನ ಚಿಕಿತ್ಸಾಲಯಕ್ಕೆ ಒಪ್ಪಿಸಬೇಕಾಗಿತ್ತು. ಮೂರನೆಯದು ಆ ಇಬ್ಬರು ಗೆಳೆಯರು.

ಒಂದು ರಾತ್ರಿ ನಾನು ಕರ್ತವ್ಯದಲ್ಲಿದ್ದ ಆಸ್ಪತ್ರೆಯ ಬಾಗಿಲಲ್ಲಿ ಯಾರೋ ಒಬ್ಬ ಹುಡುಗನನ್ನು ಮಲಗಿಸಿ ಹೋಗಿದ್ದರು. ತುಟಿ ನೀಲಿಗಟ್ಟಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಗಂಟಲಿನಿಂದ ಗೊರಕೆಯಂಥ ಒಂದು ಶಬ್ದ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು ಶಬ್ದ. ನಿಮಿಷಕ್ಕೆ ನಾಲ್ಕು ಉಸಿರು. ಹೆರಾಯಿನ್‌ನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಮದ್ದು ಚುಚ್ಚಿ ಬಾಯಿಗೆ ಗಾಳಿಚೀಲ ಹಿಡಿದೆವು. ಮೂರನೆಯ ನಿಮಿಷಕ್ಕೆ ಅವನು ಕೆಮ್ಮಿದ, ಎದ್ದು ಕೂತ, ನಮ್ಮನ್ನೇ ಬೈದ. ಅವನಿಗೆ ಏನಾಗಿತ್ತೆಂದೇ ತಿಳಿದಿರಲಿಲ್ಲ. ಅವನನ್ನು ತಂದವರು ಹೆಸರು ಹೇಳದೆ ಓಡಿದ್ದರು. ಆದರೂ ಬಾಗಿಲವರೆಗೆ ತಂದಿದ್ದರಲ್ಲ ಎಂದು ಆ ರಾತ್ರಿಯಿಂದಲೂ ಅವರನ್ನು ನೆನೆಯುತ್ತೇನೆ. ಹೆರಾಯಿನ್ ಸಾವು ಸಿನಿಮಾದಲ್ಲಿ ತೋರಿಸುವಂತೆ ಥಟ್ಟನೆ ಬರುವುದು ಕಡಿಮೆ. ಬಹಳ ಸಲ ಅದು ಒಂದೆರಡು ಗಂಟೆಗಳ ಕಾಲ, ಉಸಿರು ಉಸಿರಾಗಿ ಇಳಿಯುತ್ತಾ ಬರುತ್ತದೆ. ಪಕ್ಕದಲ್ಲಿರುವವರಿಗೆ ಫೋನ್ ಮಾಡಲು ಸಮಯವಿರುತ್ತದೆ. ಮಾಡಿದರೆ ಆಂಬುಲೆನ್ಸಿನ ಹಿಂದೆ ಪೊಲೀಸರೂ ಬರುತ್ತಾರೆ ಎಂಬ ಭಯ ಅವರ ಕೈಯನ್ನು ತಡೆಯುತ್ತದೆ.

ಕಾನೂನು ಓದುತ್ತಿರುವ ನಿಮ್ಮ ಮಗನಿಗೆ ಒಂದು ಪುಟ್ಟ ಕಾನೂನನ್ನು ತೋರಿಸಿ. ಮಿತಿಮೀರಿ ಸೇವಿಸಿ ಬಿದ್ದವನಿಗಾಗಿ ಸಹಾಯ ಕರೆದವರ ಮೇಲೂ, ಬಿದ್ದವನ ಮೇಲೂ ವಸ್ತು ಇಟ್ಟುಕೊಂಡ ಮೊಕದ್ದಮೆ ಹಾಕುವಂತಿಲ್ಲ ಎನ್ನುತ್ತದೆ ಅದು. ಅಮೆರಿಕದಲ್ಲಿ ಇದನ್ನು ಮೊದಲು ತಂದದ್ದು ನ್ಯೂ ಮೆಕ್ಸಿಕೋ ರಾಜ್ಯ, 2007ರಲ್ಲಿ. ಕೆನಡಾ 2017ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವಂತೆ ತಂದಿತು. ನಿಷೇಧ ಬೇಕೆನ್ನುವವರೂ ಬೇಡವೆನ್ನುವವರೂ ಯಾವ ತಕರಾರೂ ಇಲ್ಲದೆ ಇದಕ್ಕೆ ಸಹಿ ಹಾಕಬಹುದು. ನೀವಿಬ್ಬರೂ ಒಂದೇ ಹಾಳೆಯ ಮೇಲೆ ಹಾಕಬಹುದು. ಹದಿನೆಂಟು ವರ್ಷದ ಹಿಂದೆ ಆ ಕೋಣೆಯಲ್ಲಿದ್ದ ಇಬ್ಬರು ಹುಡುಗರಿಗೆ ಇಂಥದ್ದೊಂದು ಕಾನೂನಿನ ರಕ್ಷಣೆ ಇದ್ದು, ಅದು ತಿಳಿದಿದ್ದರೆ ಅವರು ಓಡುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.